ಯಾನದ ಪುಣ್ಯ: ಶಿಕೋಕುವಿನಲ್ಲಿ ಸೈಕಲ್ ಯಾತ್ರಿಯ ಮೊದಲ ದಿನಗಳು

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಶಿಕೋಕು ಅತಿ ಚಿಕ್ಕದು. ಆ ದ್ವೀಪವನ್ನು ಬಳಸಿ ಬರುವ 88 ದೇಗುಲಗಳ ಯಾತ್ರೆಗೆ ಹೆನ್ರೊ ಎಂದು ಹೆಸರು. ಯಾತ್ರೆಗೆ ಹೊರಟವರನ್ನೂ ಊರಿನವರು ಅದೇ ಹೆಸರಿಗೆ ಗೌರವದ ಪ್ರತ್ಯಯ ಸೇರಿಸಿ ‘ಒಹೆನ್ರೊ-ಸಾನ್’ ಎಂದು ಕರೆಯುತ್ತಾರೆ. ಒಂದು ಸುತ್ತಿಗೆ ಸುಮಾರು 1,200 ಕಿ.ಮೀ. ನಡೆದು ಹೋದರೆ ನಲವತ್ತರಿಂದ ಐವತ್ತು ದಿನ ಹಿಡಿಯುತ್ತದೆ, ಸೈಕಲ್ಲಿನಲ್ಲಿ ಎರಡು ಮೂರು ವಾರ, ಪ್ರವಾಸಿ ಬಸ್ಸಿನಲ್ಲಿ ಹತ್ತು ಹನ್ನೆರಡು ದಿನ. ದ್ವೀಪದ ನಾಲ್ಕು ಪ್ರಾಂತ್ಯಗಳಿಗೆ ಸಾಧನೆಯ ನಾಲ್ಕು ಹಂತಗಳ ಹೆಸರಿದೆ: ತೊಕುಶಿಮಾ ಬೋಧಿಚಿತ್ತ ಹುಟ್ಟುವ ನೆಲ, ಕೋಚಿ ಸಾಧನೆಯ ನೆಲ, ಎಹಿಮೆ ಬೋಧಿಯ ನೆಲ, ಕಾಗಾವಾ ನಿರ್ವಾಣದ ನೆಲ. ಮೊದಲ 23 ದೇಗುಲಗಳು ತೊಕುಶಿಮಾದಲ್ಲಿವೆ. ಹೊರದೇಶದಿಂದ ಬಂದು ಸೈಕಲ್ ಏರಿದವರಿಗೆ ಈ ಪ್ರಾಂತ್ಯ ದಾಟಲು ನಾಲ್ಕೈದು ದಿನ ಬೇಕು. ಹಳೆಯದೊಂದು ಪ್ರಶ್ನೆ ಆ ನಾಲ್ಕೈದು ದಿನಗಳಲ್ಲೇ ಎದುರಾಗುತ್ತದೆ. ಯಾತ್ರೆಯ ಫಲ ಇರುವುದು ಕಾಲಿನ ಶ್ರಮದಲ್ಲಿಯೆ? ಹಾಗಿದ್ದರೆ ಅದರಲ್ಲಿ ಚಕ್ರದ ಪಾಲಿಗೆ ಎಷ್ಟು ಹೋಗುತ್ತದೆ?

ಭಾರತದ ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ಅಂಗಡಿಯ ಲೆಕ್ಕದಷ್ಟೇ ನಿಖರವಾಗಿ ಬಿಡಿಸಿದ್ದಾರೆ. ಸಿರಿವಂತಿಕೆಯ ಜಂಬಕ್ಕೋ ಲೋಭಕ್ಕೋ ಮೋಹಕ್ಕೋ ಬಿದ್ದು ವಾಹನವೇರಿ ತೀರ್ಥಕ್ಕೆ ಹೋದವನ ಯಾತ್ರೆ ನಿಷ್ಫಲವೆಂಬುದು ಪ್ರಯಾಗದ ವಿಷಯದಲ್ಲಿ ಮತ್ಸ್ಯಪುರಾಣದ ಮಾತು. ತೀರ್ಥಯಾತ್ರೆಯ ನಿಬಂಧ ಗ್ರಂಥಗಳು ಇನ್ನೂ ಮುಂದೆ ಹೋಗಿ ಕಡಿತದ ಪಟ್ಟಿಯನ್ನೇ ಕೊಡುತ್ತವೆ. ವಾಹನಕ್ಕೆ ಪುಣ್ಯದ ಅರ್ಧ, ಕೊಡೆ ಮತ್ತು ಕೆರಕ್ಕೆ ಅದರ ಅರ್ಧ, ದಾರಿಯಲ್ಲಿ ವ್ಯಾಪಾರ ಮಾಡಿದರೆ ಮುಕ್ಕಾಲು. ಇನ್ನೊಬ್ಬರಿಂದ ದಾನ ಹಿಡಿದರೆ ಇಡೀ ಪುಣ್ಯ ಹೋಯಿತು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರಿಗೆ ಈ ಶ್ಲೋಕ ಗೊತ್ತಿರಲಿ ಬಿಡಲಿ, ಬಸ್ಸಿನ ಟಿಕೆಟ್ಟಿಗೂ ಅಂಗಾಲಿನ ಬೊಕ್ಕೆಗೂ ಒಂದೇ ಬೆಲೆಯಲ್ಲ ಎಂಬ ಭಾವನೆ ಅವರಲ್ಲೂ ಇದೆ. ಪಟ್ಟಿಯಲ್ಲಿ ಎರಡು ಬಾಬ್ತು ಗಮನಿಸಬೇಕಾದವು: ವಾಹನ ಮತ್ತು ದಾನ. ಶಿಕೋಕುವಿನಲ್ಲಿ ಎರಡರ ಲೆಕ್ಕವೂ ಬೇರೆಯಾಗಿದೆ.

ಅಲ್ಲಿಯೂ ಮೊದಲಿಗೆ ಎಲ್ಲರೂ ನಡೆದವರೇ. ಶಿನ್ನೆನ್ ಎಂಬ ಸನ್ಯಾಸಿ 1687ರಲ್ಲಿ ಅಚ್ಚು ಹಾಕಿಸಿದ ದಾರಿ ತೋರುವ ಪುಸ್ತಕ ನಡೆಯುವವರಿಗಾಗಿಯೇ ಬರೆದದ್ದು. 1953ರಲ್ಲಿ ಮೊದಲ ಯಾತ್ರಾ ಬಸ್ಸು ಹೊರಟಿತು. ಈಗ ಬಹುಪಾಲು ಜನ ಬಸ್ಸು ಕಾರುಗಳಲ್ಲೇ ಸುತ್ತುತ್ತಾರೆ, ನಡೆಯುವವರು ಕಡಿಮೆ. ಆದರೂ ಯಾತ್ರಿಯ ಪುಸ್ತಕಕ್ಕೆ ದೇಗುಲದ ಮುದ್ರೆ ಒತ್ತುವ ಕಟ್ಟೆಯಲ್ಲಿ ಕುಂಚ ಹಿಡಿದು ಕುಳಿತವರು ‘ಹೇಗೆ ಬಂದಿರಿ’ ಎಂದು ಕೇಳಿ ಮುದ್ರೆಯ ಬಣ್ಣ ಬದಲಿಸುವುದಿಲ್ಲ. ಬಣ್ಣದ ಭೇದ ಇರುವುದು ಯಾತ್ರಿ ತನ್ನ ಹೆಸರು ಬರೆದು ಅರ್ಪಿಸುವ ಕಾಗದದ ಚೀಟಿಯಲ್ಲಿ. ನಾಲ್ಕು ಸುತ್ತಿನವರೆಗೆ ಅದು ಬಿಳಿ, ಐದರಿಂದ ಹಸಿರು, ಎಂಟರಿಂದ ಕೆಂಪು, 25ರಿಂದ ಬೆಳ್ಳಿ, 50ರಿಂದ ಚಿನ್ನ, ನೂರು ದಾಟಿದವರಿಗೆ ಜರತಾರಿ. ಎಣಿಕೆ ಸುತ್ತುಗಳದ್ದು, ಹೆಜ್ಜೆಗಳದ್ದಲ್ಲ. ಈ ಲೆಕ್ಕದಲ್ಲಿ ಐವತ್ತು ಸುತ್ತು ಹೊಡೆದ ಬಸ್ ಡ್ರೈವರ್ ಚಿನ್ನದ ಚೀಟಿಗೆ ಅರ್ಹ, ಒಮ್ಮೆ ಪ್ರಾಣ ಒತ್ತೆಯಿಟ್ಟು ನಡೆದವನು ಬಿಳಿಯ ಚೀಟಿಗೆ. ನಡೆಯುವವರಿಗೆ ಇದು ಒಳಗೊಳಗೇ ಇರುಸುಮುರುಸು ತರುವ ಸಂಗತಿ.

ಬೌದ್ಧರ ಮಾತಿನಲ್ಲಿ ವಾಹನ ಕೀಳಾಗುವುದು ಕಷ್ಟ. ಆ ಧರ್ಮದ ದೊಡ್ಡ ಶಾಖೆಗಳ ಹೆಸರಿನಲ್ಲೇ ಯಾನವಿದೆ: ಮಹಾಯಾನ, ವಜ್ರಯಾನ. ಉರಿಯುವ ಮನೆಯೊಳಗೆ ಆಟದಲ್ಲಿ ಮೈಮರೆತ ಮಕ್ಕಳನ್ನು ಬಂಡಿಗಳ ಆಸೆ ತೋರಿಸಿ ಹೊರಗೆ ಕರೆತಂದ ತಂದೆಯ ಕಥೆ ಸದ್ಧರ್ಮಪುಂಡರೀಕ ಸೂತ್ರದಲ್ಲಿದೆ. ಅಲ್ಲಿ ಬಂಡಿ ಎಂದರೆ ಉಪಾಯ, ಆಳಿಗೆ ತಕ್ಕ ಸಾಧನ. ಇದಕ್ಕೆ ಅಂಕುಶದಂತೆ ಪಾಲಿಯ ಅಲಗದ್ದೂಪಮ ಸುತ್ತದಲ್ಲಿ ತೆಪ್ಪದ ದೃಷ್ಟಾಂತ ಬರುತ್ತದೆ. ಹೊಳೆ ದಾಟಿಸಿತೆಂಬ ಕೃತಜ್ಞತೆಗೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗುವವನು ಜಾಣನಲ್ಲ. ಎರಡನ್ನೂ ಕೂಡಿಸಿ ಓದಿದರೆ ಏರುವುದು ತಪ್ಪಲ್ಲ, ಇಳಿಯಲು ಬಾರದಿರುವುದು ತಪ್ಪು. ಸೈಕಲ್ಲಿನಷ್ಟು ಮೇಲಿಂದ ಮೇಲೆ ಇಳಿಯಬೇಕಾದ ವಾಹನ ಇನ್ನೊಂದಿಲ್ಲ. ಹಾಗಾಗಿ ಈ ಮಾತನ್ನು ಒರೆಗೆ ಹಚ್ಚಲು ಅದು ಒಳ್ಳೆಯ ಕಲ್ಲು.

ಯಾತ್ರೆಯ ಕೇಂದ್ರದಲ್ಲಿರುವವರು ಕೂಕಾಯ್ (774–835). ಶಿಕೋಕುವಿನಲ್ಲೇ ಹುಟ್ಟಿ, 804ರಲ್ಲಿ ಚೀನಾಕ್ಕೆ ಹೋಗಿ, ಛಾಂಗಾನ್ ನಗರದಲ್ಲಿ ಹುಯಿಗುವೊ ಎಂಬ ಗುರುವಿನಿಂದ ದೀಕ್ಷೆ ಪಡೆದು, ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನ ಬಳಿಯೂ ಕಲಿತು 806ರಲ್ಲಿ ಮರಳಿದರು. ಅವರು ಕಟ್ಟಿದ ಶಿಂಗೊನ್ ಪಂಥದ ಹೆಸರಿಗೆ ‘ನಿಜನುಡಿ’ ಎಂದು ಅರ್ಥ. ಮಂತ್ರ ಎಂಬ ಪದವನ್ನು ಚೀನೀಯರು ಹಾಗೆ ಅನುವಾದಿಸಿಕೊಂಡಿದ್ದರು. ಆ ಪಂಥದ ದೇಗುಲಗಳಲ್ಲಿ ಇಂದಿಗೂ ನಡೆಯುವ ‘ಗೊಮಾ’ ನಮ್ಮ ಹೋಮವೇ, ಹೆಸರೂ ಅದರದ್ದೇ. ಈ ದೇಹದಲ್ಲೇ ಬುದ್ಧತ್ವ ಸಾಧ್ಯವೆಂದು ಕೂಕಾಯ್ ಬೋಧಿಸಿದರು. ಹೀಗೆ ಹೇಳಿದ ಪಂಥಕ್ಕೆ ಬೆವರು, ಉಸಿರು, ಮೊಣಕಾಲ ನೋವುಗಳನ್ನು ಕಡೆಗಣಿಸಲು ಬರುವುದಿಲ್ಲ. ಕೂಕಾಯ್ ಸತ್ತಿಲ್ಲ, ಕೋಯಾ ಬೆಟ್ಟದಲ್ಲಿ ಸಮಾಧಿಸ್ಥರಾಗಿದ್ದಾರೆ, ಶಿಕೋಕುವಿನ ಪ್ರತಿಯೊಬ್ಬ ಯಾತ್ರಿಯ ಜೊತೆಗೂ ನಡೆಯುತ್ತಾರೆ ಎಂಬುದು ಭಕ್ತರ ನಂಬಿಕೆ. ಸತ್ತ ಮೇಲೆ ಬಂದ ಬಿರುದಿನಿಂದ ಅವರನ್ನು ಕೋಬೋ ದೈಶಿ ಎನ್ನುತ್ತಾರೆ. ಯಾತ್ರಿಯ ಜೊಂಡುಹುಲ್ಲಿನ ಟೋಪಿಯ ಮೇಲೆ ನಾಲ್ಕು ಅಕ್ಷರ ಬರೆದಿರುತ್ತದೆ: ‘ದೋಗ್ಯೋ ನಿನಿನ್’, ಜೊತೆಯಾಗಿ ಸಾಧನೆ ಮಾಡುವವರು ಇಬ್ಬರು ಎಂದು.

ಆ ಎರಡನೆಯವರ ಗುರುತು ಯಾತ್ರಿಯ ಊರುಗೋಲು. ಕೋಲೇ ದೈಶಿ. ಸಂಜೆ ವಸತಿಗೆ ಬಂದಾಗ ತನ್ನ ಕಾಲಿಗಿಂತ ಮೊದಲು ಕೋಲಿನ ತುದಿ ತೊಳೆಯಬೇಕು. ದೈಶಿ ಒಮ್ಮೆ ಸೇತುವೆಯ ಕೆಳಗೆ ರಾತ್ರಿ ಕಳೆದ ಕಥೆ ಇರುವುದರಿಂದ ಸೇತುವೆಯ ಮೇಲೆ ಕೋಲು ಊರಬಾರದು. ನಡೆಯುವವನಿಗೆ ಇದೆಲ್ಲ ಸುಲಭ, ಸೈಕಲ್ಲಿನವನಿಗೆ ಮೊದಲ ಬೆಳಿಗ್ಗೆಯೇ ಪೇಚಾಟ. ಎದೆಯುದ್ದದ ಕೋಲನ್ನು ಎಲ್ಲಿ ಕಟ್ಟುವುದು? ಅಡ್ಡ ಕಟ್ಟಿದರೆ ಓಣಿಯ ಗೋಡೆಗೆ ತಾಗುತ್ತದೆ; ಚೌಕಟ್ಟಿಗೆ ಉದ್ದಕ್ಕೆ ಕಟ್ಟಿದರೆ ಪೆಡಲ್ ತುಳಿದಾಗಲೆಲ್ಲ ತೊಡೆ ಸವರುತ್ತದೆ; ಕ್ಯಾರಿಯರ್ ಮೇಲಿನ ಚೀಲಕ್ಕೆ ಸಿಕ್ಕಿಸಿದರೆ ತುದಿ ಹಿಂದೆ ಚಾಚುತ್ತದೆ. ಗುರುವನ್ನು ಮೂಟೆಯ ಹಾಗೆ ಹಗ್ಗದಿಂದ ಬಿಗಿಯುವುದು ಎಷ್ಟು ಸರಿ ಎಂಬುದು ಬೇರೆ ಮಾತು. ಕೆಲವರು ಕೋಲನ್ನೇ ಕೊಳ್ಳದೆ ಹೊರಡುತ್ತಾರೆ, ಟೋಪಿಯ ಬದಲು ಹೆಲ್ಮೆಟ್ ಬರುತ್ತದೆ. ದೊಡ್ಡವರಿಬ್ಬರು ಒಂದೇ ಸೀಟಿನ ಸೈಕಲ್ಲಿನಲ್ಲಿ ಕೂರುವುದು ಜಪಾನಿನ ಕಾನೂನಿಗೆ ಒಪ್ಪಿಗೆಯಿಲ್ಲ. ದೈಶಿಗೆ ಈ ನಿಯಮ ಅನ್ವಯಿಸುವುದೋ ಇಲ್ಲವೋ ಎಂದು ಮಾತ್ರ ಯಾರೂ ತಲೆ ಕೆಡಿಸಿಕೊಂಡಂತಿಲ್ಲ.

ಯಾತ್ರೆ ಆರಂಭವಾಗುವುದು ನರುತೊ ನಗರದ ರ್ಯೋಝೆನ್‌ಜಿಯಲ್ಲಿ. ರ್ಯೋಝೆನ್ ಎಂದರೆ ಬುದ್ಧ ಬೋಧಿಸಿದ ಗೃಧ್ರಕೂಟ. ದೇಗುಲಕ್ಕೆ ಇನ್ನೊಂದು ಬೆಟ್ಟದ ಹೆಸರೂ ಇದೆ, ಜಿಕುವಾ. ಭಾರತಕ್ಕಿದ್ದ ಹಳೆಯ ಹೆಸರು ತೆಂಜಿಕು, ಜಪಾನಿನ ಹೆಸರು ವಾ, ಎರಡನ್ನೂ ಬೆಸೆದ ಪದವದು. ಎರಡನೆಯದು ಗೊಕುರಾಕುಜಿ, ಸುಖಾವತಿಯ ದೇಗುಲ. ಗೃಧ್ರಕೂಟದಿಂದ ಸುಖಾವತಿಗೆ 1.4 ಕಿ.ಮೀ., ಸೈಕಲ್ಲಿನಲ್ಲಿ ಐದಾರು ನಿಮಿಷ. ಮೊದಲ ಹತ್ತು ದೇಗುಲಗಳು ಯೊಶಿನೊ ನದಿಯ ಉತ್ತರದ ಬಯಲಿನಲ್ಲಿ 28 ಕಿ.ಮೀ. ಒಳಗೆ ಮಣಿಗಳಂತೆ ಪೋಣಿಸಿಕೊಂಡಿವೆ. ನಕಾಶೆ ನೋಡಿದ ಸೈಕಲ್ ಸವಾರನಿಗೆ ಇದು ಎರಡು ಗಂಟೆಯ ಕೆಲಸವೆನಿಸುತ್ತದೆ.

ಆಗುವುದೇ ಬೇರೆ. ಪ್ರತಿ ದೇಗುಲದಲ್ಲೂ ಹೆಬ್ಬಾಗಿಲಲ್ಲಿ ನಿಂತು ಬಾಗಬೇಕು, ಕೈ ಬಾಯಿ ತೊಳೆಯಬೇಕು, ಗಂಟೆ ಬಾರಿಸಬೇಕು. ಮುಖ್ಯ ಗುಡಿಯ ಮುಂದೆ ಒಂದು ಮೇಣದ ಬತ್ತಿ, ಮೂರು ಊದುಬತ್ತಿ, ಹೆಸರಿನ ಚೀಟಿ, ಕಾಣಿಕೆಯ ನಾಣ್ಯ, ಆಮೇಲೆ ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಪಠಣ. ಇಷ್ಟನ್ನೂ ದೈಶಿಯ ಗುಡಿಯ ಮುಂದೆ ಮತ್ತೊಮ್ಮೆ ಮಾಡಬೇಕು. ಕೊನೆಗೆ ಮುದ್ರೆಯ ಪುಸ್ತಕ ಹಿಡಿದು ಸಾಲು. ಅವಸರ ಮಾಡಿದರೂ ಅರ್ಧ ಗಂಟೆ, ಹತ್ತು ದೇಗುಲಕ್ಕೆ ಐದು ಗಂಟೆ. ಮುದ್ರೆಯ ಕಟ್ಟೆ ಸಂಜೆ 5ಕ್ಕೆ ಮುಚ್ಚುತ್ತದೆ. ಚಕ್ರ ಉಳಿಸಿಕೊಟ್ಟ ಹೊತ್ತನ್ನು ಗುಡಿ ಹಾಗೆಯೇ ಎತ್ತಿಕೊಳ್ಳುತ್ತದೆ. ಇದಕ್ಕೆ ಒಗ್ಗದವನು ಸೂತ್ರವನ್ನು ಗೇರು ಏರಿಸಿದಂತೆ ಓದಿ ಮುಗಿಸುತ್ತಾನೆ, ನಾಲ್ಕನೆಯ ದೇಗುಲದ ಹೊತ್ತಿಗೆ ಗಂಟೆ ಬಾರಿಸುವುದನ್ನು ಮರೆತಿರುತ್ತಾನೆ. ಬಸ್ಸಿನಲ್ಲಿ ಬಂದ ಮುದುಕಿಯರು ಪಕ್ಕದಲ್ಲೇ ನಿಂತು ಒಂದೇ ದನಿಯಲ್ಲಿ, ಯಾವ ಆತುರವೂ ಇಲ್ಲದೆ, ಇಡೀ ಸೂತ್ರ ಹೇಳುತ್ತಾರೆ. ಶ್ರಮದ ಅಳತೆಗೋಲು ಮೊದಲು ಅಲುಗುವುದು ಇಲ್ಲಿ.

ಆ ಸೂತ್ರದ ಚೀನೀ ಪಾಠ ಹ್ಯೂಯೆನ್ ತ್ಸಾಂಗ್ ಮಾಡಿದ ಅನುವಾದವೆಂದು ಪ್ರತೀತಿ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದವನೆಂದು ಕನ್ನಡಿಗರು ಶಾಲೆಯಲ್ಲೇ ಓದಿರುವ ಯಾತ್ರಿಕ ಅವನೇ. ಉಳಿದದ್ದೆಲ್ಲ ಚೀನೀ ಆದರೂ ಕೊನೆಯ ಮಂತ್ರದ ಸಂಸ್ಕೃತ ಧ್ವನಿಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅದು ಆಚೆಯ ದಡಕ್ಕೆ ಹೋಗುವುದನ್ನು ಕುರಿತದ್ದು. ಜಪಾನೀ ಬಾಯಲ್ಲಿ ತೇಯ್ದು ಹೋಗಿದ್ದರೂ, ಕಿವಿಗೊಟ್ಟರೆ ಕನ್ನಡದ ಯಾತ್ರಿಗೆ ‘ಗತ’ ಎಂಬ ಪದದ ನೆರಳು ಸಿಗುತ್ತದೆ.

ಮೊದಲ ದಿನದ ಕೊನೆಗೆ ಹತ್ತನೆಯ ದೇಗುಲ ಕಿರಿಹತಾಜಿ. ಅಲ್ಲಿಗೆ 333 ಮೆಟ್ಟಿಲು. ಸೈಕಲ್ಲನ್ನು ಕೆಳಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸಲೇಬೇಕು. ಹೆಸರಿನ ಅರ್ಥ ‘ಬಟ್ಟೆ ಕತ್ತರಿಸಿದ ದೇಗುಲ’. ದೈಶಿ ಒಂದು ತುಂಡು ಹಳೆಯ ಬಟ್ಟೆ ಕೇಳಿದಾಗ ನೇಯುತ್ತಿದ್ದ ಹುಡುಗಿ ಮಗ್ಗದ ಮೇಲಿದ್ದ ಹೊಸ ಬಟ್ಟೆಯನ್ನೇ ಕತ್ತರಿಸಿ ಕೊಟ್ಟಳಂತೆ. ಅವಳು ಆ ದೇಹದಲ್ಲೇ ಅವಲೋಕಿತೇಶ್ವರ ರೂಪ ತಾಳಿದಳೆಂಬುದು ಸ್ಥಳಪುರಾಣ. ಯಾತ್ರೆ ಹೊರಟವಳು ಅವಳಲ್ಲ, ಮನೆಯಲ್ಲೇ ಇದ್ದವಳು. ನಡೆದು ಬಂದವರು ದೈಶಿ, ಬುದ್ಧತ್ವ ಸಿಕ್ಕಿದ್ದು ಕೊಟ್ಟವಳಿಗೆ.

ಈ ಕಥೆಯ ದಿನನಿತ್ಯದ ರೂಪಕ್ಕೆ ಒಸೆತ್ತಾಯ್ ಎನ್ನುತ್ತಾರೆ. ಯಾತ್ರಿಗೆ ದಾರಿಯ ಊರಿನವರು ಏನಾದರೂ ಕೊಡುತ್ತಾರೆ: ಎರಡು ಕಿತ್ತಳೆ, ಒಂದು ಬಾಟಲಿ ಚಹಾ, ನೂರು ಯೆನ್ ನಾಣ್ಯ, ಕೆಲವೊಮ್ಮೆ ರಾತ್ರಿಯ ತಂಗು. ಬೇಡವೆನ್ನಬಾರದು ಎಂಬುದು ರೂಢಿ. ತೆಗೆದುಕೊಂಡವನು ತನ್ನ ಹೆಸರಿನ ಚೀಟಿಯೊಂದನ್ನು ಪ್ರತಿಯಾಗಿ ಕೊಡುತ್ತಾನೆ. ನಿಬಂಧಕಾರರು ಇದನ್ನು ನೋಡಿದ್ದರೆ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಪ್ರತಿಗ್ರಹವೇ ಪುಣ್ಯವನ್ನು ಪೂರ್ತಿ ಕಳೆಯುವ ದೋಷವೆಂದವರು ಅವರು. ಅವರ ಕಣ್ಣಿನ ಯಾತ್ರಿ ಗೃಹಸ್ಥ. ತೀರ್ಥದಲ್ಲಿ ಕೊಡುವುದು ಅವನ ಧರ್ಮ, ಕೈಯೊಡ್ಡಿದರೆ ಯಾತ್ರೆಯೇ ಜೀವನೋಪಾಯವಾಗಿಬಿಡುವ ಭಯ. ಆ ಭಯ ಸುಳ್ಳಲ್ಲ, ಯಾತ್ರೆಯ ನೆವದಲ್ಲಿ ಭಿಕ್ಷೆ ಬೇಡಿ ಬದುಕಿದವರು ಶಿಕೋಕುವಿನ ಇತಿಹಾಸದಲ್ಲೂ ಇದ್ದಾರೆ. ಬೌದ್ಧ ಪರಂಪರೆ ಹಿಡಿದದ್ದು ಬೇರೆ ಎಳೆಯನ್ನು. ಅಲ್ಲಿ ಭಿಕ್ಷು ಪುಣ್ಯದ ಹೊಲ, ದಾನಿ ಬೀಜ ಬಿತ್ತುವವನು. ಶಿಕೋಕು ಆ ಹೊಲದ ಹಕ್ಕನ್ನು ಸಾಮಾನ್ಯ ಗೃಹಸ್ಥನಿಗೂ ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತದೆ. ಯಾತ್ರಿಯ ಬಿಳಿ ಅಂಗಿ ತೊಟ್ಟ ವಿದೇಶಿ ಎಂಜಿನಿಯರ್ ಕೂಡ ಆ ಮಟ್ಟಿಗೆ ಹೊಲ. ಕೊಡುವವರು ಕೊಡುವುದು ಅವನಿಗಲ್ಲ, ಅವನ ಜೊತೆಗಿರುವ ದೈಶಿಗೆ. ಹಾಗಾಗಿ ನಿರಾಕರಿಸುವ ಅಧಿಕಾರ ಅವನಿಗೆ ಇಲ್ಲ.

ಇದೇ ಲೆಕ್ಕದಲ್ಲಿ ಸೈಕಲ್ಲಿನ ನಿಜವಾದ ನಷ್ಟ ಬಯಲಾಗುತ್ತದೆ. ಹೊಲ ಓಡಿದರೆ ಬಿತ್ತುವುದು ಹೇಗೆ? ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ಹೋಗುವವನನ್ನು ತರಕಾರಿ ಮಡಿಯಲ್ಲಿ ಬಗ್ಗಿದ್ದ ಹೆಂಗಸು ತಲೆಯೆತ್ತಿ ನೋಡಿ, ಬಿಳಿ ಅಂಗಿಯ ಗುರುತು ಹಿಡಿದು, ಸೆರಗಿನ ಜಾಗದಲ್ಲಿ ಕಟ್ಟಿಕೊಂಡ ಏಪ್ರನ್ನಿಗೆ ಕೈ ಒರೆಸಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಅವನು ತಿರುವು ದಾಟಿರುತ್ತಾನೆ. ಅವಳ ಕೈಯ ಕಿತ್ತಳೆ ಅವಳ ಕೈಯಲ್ಲೇ ಉಳಿಯುತ್ತದೆ. ನಡೆಯುವವನಿಗೆ ದಾರಿ ಕೇಳುವ, ನೀರು ಕೇಳುವ, ಜಗಲಿಯಲ್ಲಿ ಕೂರುವ ಹತ್ತು ನೆಪಗಳಿವೆ, ಬಸ್ಸಿನವನಿಗೆ ಒಂದೂ ಇಲ್ಲ. ಸೈಕಲ್ಲಿನವನದು ಅವನ ಬ್ರೇಕಿನ ಮೇಲೆ ನಿಂತಿದೆ. ವಾಹನ ಅರ್ಧ ಪುಣ್ಯ ತಿನ್ನುತ್ತದೆ ಎಂಬ ಮಾತು ಇಲ್ಲಿ ನಿಜವಾಗಬಹುದು, ಕಾರಣ ಮಾತ್ರ ಬೇರೆ. ಕಾಲಿಗೆ ನೋವು ಕಡಿಮೆಯಾದುದರಿಂದ ಅಲ್ಲ, ಇನ್ನೊಬ್ಬರ ಕೊಡುವ ಅವಕಾಶ ತಪ್ಪಿದುದರಿಂದ. ನಷ್ಟ ಯಾತ್ರಿಗಿಂತ ಹೊಲದಲ್ಲಿ ನಿಂತವಳಿಗೇ ಹೆಚ್ಚು. ಪುಣ್ಯವನ್ನು ಯಾತ್ರಿಯೊಬ್ಬನ ಖಾತೆಯಲ್ಲಿ ಬರೆಯುವ ಲೆಕ್ಕಪುಸ್ತಕಕ್ಕೆ ಈ ಬಾಬ್ತು ಸೇರುವುದೇ ಇಲ್ಲ.

ಎರಡನೆಯ ದಿನ ದಾರಿ ದಕ್ಷಿಣಕ್ಕೆ ತಿರುಗಿ ಯೊಶಿನೊ ನದಿ ದಾಟುತ್ತದೆ. ಇಲ್ಲಿನ ತಗ್ಗು ಸೇತುವೆಗಳಿಗೆ ಕೈಪಿಡಿಗೋಡೆ ಇಲ್ಲ. ನೆರೆ ಬಂದಾಗ ನೀರು ಮೇಲೆ ಹರಿದು ಹೋಗಲೆಂದು ಹಾಗೆ ಕಟ್ಟಿದ್ದಾರೆ. ಹನ್ನೊಂದನೆಯದು ಫುಜೀದೇರಾ. ಬಹುಪಾಲು ದೇಗುಲಗಳು ಶಿಂಗೊನ್ ಪಂಥದವಾದರೂ ಇದು ರಿಂಝಾಯ್ ಝೆನ್‌ಗೆ ಸೇರಿದೆ, ಯಾತ್ರೆ ಪಂಥದ ಗಡಿ ಕೇಳುವುದಿಲ್ಲ. ಇದರ ಹಿತ್ತಲಿನಿಂದಲೇ ಹನ್ನೆರಡನೆಯ ಶೋಸಾನ್‌ಜಿಗೆ ಕಾಲುದಾರಿ ಏರುತ್ತದೆ. ಸುಮಾರು 13 ಕಿ.ಮೀ., ಬೆಟ್ಟದ ಮೇಲೆ ಬೆಟ್ಟ, ಐದಾರು ಗಂಟೆಯ ನಡಿಗೆ. ‘ಯಾತ್ರಿಯನ್ನು ಉರುಳಿಸುವ ಏರು’ ಎಂದೇ ಅದಕ್ಕೆ ಹೆಸರು. ಸೈಕಲ್ಲಿಗೆ ಆ ದಾರಿಯಿಲ್ಲ. ಬೇರುಗಳ ನಡುವೆ ಸೈಕಲ್ಲನ್ನು ಹೆಗಲಿಗೇರಿಸಿ ಹತ್ತಲು ಹೊರಟವನು ತೆಪ್ಪ ಹೊತ್ತವನ ಜಾತಿಗೆ ಸೇರುತ್ತಾನೆ. ಉಳಿದವರು ಡಾಂಬರು ರಸ್ತೆ ಹಿಡಿದು ಬೆಟ್ಟಗಳನ್ನು ಬಳಸಿ ಹೋಗಬೇಕು. ದೇಗುಲ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ.

ಕೊನೆಯ ಏರಿನಲ್ಲಿ ಮೂಟೆ ಹೇರಿದ ಸೈಕಲ್ ಅತಿ ಕೆಳಗಿನ ಗೇರಿನಲ್ಲೂ ನಿಲ್ಲುತ್ತದೆ. ಚೈನು ಕಿರುಗುಟ್ಟುತ್ತದೆ, ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ಒಲೆಯುತ್ತದೆ, ಸವಾರ ಒಂದು ಕಾಲು ನೆಲಕ್ಕೆ ಊರುತ್ತಾನೆ. ಆಮೇಲೆ ಹ್ಯಾಂಡಲ್ ಹಿಡಿದು ತಳ್ಳುವುದೇ ದಾರಿ. ಜಪಾನಿನ ರಸ್ತೆ ಸಂಚಾರ ಕಾನೂನು ಸೈಕಲ್ಲನ್ನು ಹಗುರ ವಾಹನವೆಂದು ಎಣಿಸುತ್ತದೆ, ಆದರೆ ಅದನ್ನು ತಳ್ಳಿಕೊಂಡು ಹೋಗುವವನನ್ನು ಪಾದಚಾರಿ ಎಂದೇ ಪರಿಗಣಿಸುತ್ತದೆ. ಯಾನವೇರಿದವನು ಯಾವ ಗಳಿಗೆಯಲ್ಲಿ ನಡೆಯುವವನಾದ ಎಂದು ಮತ್ಸ್ಯಪುರಾಣ ಹೇಳಿರಲಿಲ್ಲ, ಟ್ರಾಫಿಕ್ ಕಾನೂನು ಹೇಳಿದೆ. ಇಪ್ಪತ್ತು ಕಿಲೊ ಕಬ್ಬಿಣವನ್ನೂ ಚೀಲವನ್ನೂ ಏರಿಗೆ ತಳ್ಳುವವನು ಬರಿಗೈಯಲ್ಲಿ ನಡೆಯುವವನಿಗಿಂತ ಹೆಚ್ಚು ಬೆವರುತ್ತಾನೆ. ಶ್ರಮವೇ ಪುಣ್ಯವಾದರೆ ಇಲ್ಲಿ ಸೈಕಲ್ ಪುಣ್ಯ ಕಳೆಯುವ ಬದಲು ಕೂಡಿಸುತ್ತಿದೆ. ಇಳಿಜಾರಿನಲ್ಲಿ ಅದನ್ನೆಲ್ಲ ಅರ್ಧ ಗಂಟೆಯಲ್ಲಿ ಉಡಾಯಿಸುತ್ತದೆ. ಈ ಜಮಾ ಖರ್ಚಿನ ಹುರುಳಿಲ್ಲದ್ದು ಗೊತ್ತಾಗಲು ಶೋಸಾನ್‌ಜಿಗಿಂತ ಒಳ್ಳೆಯ ಜಾಗ ದಾರಿಯಲ್ಲಿ ಇನ್ನೊಂದಿಲ್ಲ.

ದೇಗುಲದಿಂದ ಕೆಳಗಿಳಿಯುವ ದಾರಿಯಲ್ಲಿರುವ ಜೋಶಿನ್-ಆನ್ ಎಂಬ ಚಿಕ್ಕ ಗುಡಿಯ ಕಥೆಯೂ ಇದನ್ನೇ ಕುರಿತದ್ದು. ಇಯೊ ನಾಡಿನ (ಈಗಿನ ಎಹಿಮೆ) ಎಮೊನ್ ಸಾಬುರೊ ಸಾಹುಕಾರ, ಜಿಪುಣ. ಬಾಗಿಲಿಗೆ ಮತ್ತೆ ಮತ್ತೆ ಬಂದ ಭಿಕ್ಷುಕ ಸನ್ಯಾಸಿಯ ಪಾತ್ರೆಯನ್ನು ಅವನು ಹೊಡೆದು ಎಂಟು ಚೂರು ಮಾಡಿದ. ಅವನ ಎಂಟು ಮಕ್ಕಳು ಒಬ್ಬರ ಹಿಂದೊಬ್ಬರು ಸತ್ತರು. ಬಂದವರು ದೈಶಿಯೆಂದು ತಿಳಿದು ಕ್ಷಮೆ ಕೇಳಲು ಹೊರಟು ದ್ವೀಪವನ್ನು ಇಪ್ಪತ್ತು ಸಲ ಸುತ್ತಿದ, ಅವರು ಸಿಗಲಿಲ್ಲ. ಇಪ್ಪತ್ತೊಂದನೆಯ ಸಲ ಎದುರು ದಿಕ್ಕಿನಿಂದ ಹೊರಟು, ಈ ಬೆಟ್ಟದ ತಪ್ಪಲಿನಲ್ಲಿ ಶಕ್ತಿಗುಂದಿ ಬಿದ್ದಾಗ ದೈಶಿಯೇ ಬಂದು ಎದುರು ನಿಂತರು. ಸಾಯುವವನ ಅಂಗೈಗೆ ಒಂದು ಕಲ್ಲು ಇಟ್ಟರು. ಅವನ ಗೋರಿಯ ಮೇಲೆ ಊರಿದ ಊರುಗೋಲು ಚಿಗುರಿ ಸುಗಿ ಎಂಬ ಜಪಾನೀ ಮರವಾಯಿತಂತೆ. ಗುಡಿಯ ಹೆಸರು ಅದರಿಂದಲೇ ಬಂದದ್ದು. ಅಧಿಕ ವರ್ಷದಲ್ಲಿ ಯಾತ್ರೆಯನ್ನು ಹಿಮ್ಮುಖವಾಗಿ ಮಾಡಿದರೆ ಫಲ ಹೆಚ್ಚು ಎಂಬ ನಂಬಿಕೆಗೂ ಈ ಕಥೆಯೇ ಬುಡ.

ಇದನ್ನು ಸಾಮಾನ್ಯವಾಗಿ ಪಶ್ಚಾತ್ತಾಪದ ಕಥೆಯಾಗಿ ಹೇಳುತ್ತಾರೆ. ಆದರೆ ಇಪ್ಪತ್ತು ಸುತ್ತಿನ ಶ್ರಮ ಅಲ್ಲಿ ಏನನ್ನೂ ಕೊಳ್ಳಲಿಲ್ಲ ಎಂಬುದನ್ನೂ ನೋಡಬೇಕು. ಸಾಬುರೊ ಹಿಂದಿನಿಂದ ಅಟ್ಟಿಸಿಕೊಂಡು ಹೋದಷ್ಟು ಕಾಲ ಗುರು ಮುಂದೆ ಹೋಗುತ್ತಲೇ ಇದ್ದರು. ಕಾಲು ಸೋತು ಕುಸಿದಾಗ ಅವರೇ ಬಂದರು. ಹಾಗೆಂದು ಇಪ್ಪತ್ತು ಸುತ್ತು ದಂಡವೆನ್ನಲೂ ಆಗದು, ಸುತ್ತದಿದ್ದರೆ ಆ ಬೆಟ್ಟದ ಬುಡದಲ್ಲಿ ಅವನು ಬೀಳುವ ಸಂದರ್ಭವೇ ಇರಲಿಲ್ಲ. ಶ್ರಮ ಬೇಕು, ಆದರೆ ಅದು ನಾಣ್ಯವಲ್ಲ ಎಂಬ ಈ ನಿಲುವು ತರ್ಕಕ್ಕೆ ಅನುಕೂಲವಾದದ್ದಲ್ಲ. ಶಿಂಗೊನ್ ಪಂಡಿತರೂ ಇದನ್ನು ಸೂತ್ರವಾಗಿ ಬರೆಯುವುದಕ್ಕಿಂತ ಕಥೆಯಾಗಿಯೇ ಬಿಟ್ಟಿದ್ದಾರೆ.

ಮೂರನೆಯ ದಿನ ಸುಲಭ. ಹದಿಮೂರರಿಂದ ಹದಿನೇಳರವರೆಗಿನ ದೇಗುಲಗಳು ತೊಕುಶಿಮಾ ನಗರದ ಅಂಚಿನಲ್ಲಿ ಹತ್ತಿರ ಹತ್ತಿರವಿವೆ. ಹತ್ತೊಂಬತ್ತನೆಯ ತಾತ್ಸುಎಜಿ ಈ ಪ್ರಾಂತ್ಯದ ‘ಸುಂಕದ ಕಟ್ಟೆ’. ಮನಸ್ಸಿನಲ್ಲಿ ಕಪಟವಿರುವವರನ್ನು ಅದು ಮುಂದೆ ಬಿಡುವುದಿಲ್ಲವೆಂಬ ಪ್ರತೀತಿ. ಗಂಡನನ್ನು ಕೊಂದು ಪ್ರಿಯಕರನೊಡನೆ ಬಂದ ಹೆಂಗಸಿನ ಕೂದಲು ಗಂಟೆಯ ಹಗ್ಗಕ್ಕೆ ಸುತ್ತಿಕೊಂಡ ಕಥೆಯನ್ನು ಅಲ್ಲಿ ಹೇಳುತ್ತಾರೆ. ಆ ಕಟ್ಟೆಯಲ್ಲೂ ತಪಾಸಣೆ ನಡೆಯುವುದು ಮನಸ್ಸಿಗೆ, ವಾಹನಕ್ಕಲ್ಲ.

ನಾಲ್ಕನೆಯ ದಿನ ಮತ್ತೆ ಬೆಟ್ಟ. ಇಪ್ಪತ್ತನೆಯ ಕಾಕುರಿನ್‌ಜಿ, ಇಪ್ಪತ್ತೊಂದನೆಯ ತೈರ್ಯೂಜಿ ಎರಡೂ ಸುಮಾರು 500 ಮೀಟರ್ ಎತ್ತರದಲ್ಲಿವೆ, ನಡುವೆ ನಾಕಾ ನದಿಯ ಕಣಿವೆ. ತೈರ್ಯೂಜಿಗೆ 1992ರಿಂದ ರೋಪ್‌ವೇ ಇದೆ. 2,775 ಮೀಟರ್ ಉದ್ದದ ತಂತಿಯ ಮೇಲೆ ತೊಟ್ಟಿಲು ಹತ್ತು ನಿಮಿಷದಲ್ಲಿ ಮೇಲಕ್ಕೆ ಒಯ್ಯುತ್ತದೆ. ಶೋಸಾನ್‌ಜಿಯ ಏರನ್ನು ತಳ್ಳಿಕೊಂಡೇ ಹತ್ತಿದೆನೆಂಬ ಹೆಮ್ಮೆಯಲ್ಲಿ ಬಂದ ಸವಾರ ಇಲ್ಲಿ ಟಿಕೆಟ್ ಕಿಟಕಿಯ ಮುಂದೆ ತಬ್ಬಿಬ್ಬಾಗುತ್ತಾನೆ. ಸೈಕಲ್ಲನ್ನು ಕೆಳಗೆ ಬೀಗ ಹಾಕಿ ನಿಲ್ಲಿಸಿ, ಬಸ್ಸಿನ ಮುದುಕಿಯರ ಜೊತೆ ತೊಟ್ಟಿಲಲ್ಲಿ ಕೂತವನಿಗೆ ಅವರಲ್ಲೊಬ್ಬರು ಚೀಲದಿಂದ ಮಿಠಾಯಿ ತೆಗೆದು ಕೊಡುವ ಸಂಭವವಿದೆ. ರಸ್ತೆಯಲ್ಲಿ ತಪ್ಪಿಹೋದ ಒಸೆತ್ತಾಯ್ ತಂತಿಯ ಮೇಲೆ ಸಿಕ್ಕಂತಾಯಿತು.

ಇಪ್ಪತ್ತೆರಡು ದಾಟಿ ಸಮುದ್ರದ ಬದಿಯ ಹಿವಾಸಾ ಊರಿಗೆ ಬಂದರೆ ಇಪ್ಪತ್ತಮೂರನೆಯ ಯಾಕುಓಜಿ. ಕೇಡಿನ ವಯಸ್ಸೆಂದು ನಂಬಿರುವ ವರ್ಷಗಳ ಲೆಕ್ಕದಲ್ಲಿ ಹೆಂಗಸರಿಗೆ 33, ಗಂಡಸರಿಗೆ 42 ಮೆಟ್ಟಿಲುಗಳಿವೆ. ಮೆಟ್ಟಿಲಿಗೊಂದು ನಾಣ್ಯ ಇಡುತ್ತಾ ಹತ್ತುವುದು ಪದ್ಧತಿ. ತೊಕುಶಿಮಾದ ದೇಗುಲಗಳು ಇಲ್ಲಿಗೆ ಮುಗಿದವು, ಬೋಧಿಚಿತ್ತದ ನೆಲವೂ ಕೆಲವೇ ಊರುಗಳಾಚೆ ಮುಗಿಯುತ್ತದೆ. ಇಪ್ಪತ್ತನಾಲ್ಕನೆಯ ದೇಗುಲ ಮುರೊತೊ ಭೂಶಿರದಲ್ಲಿದೆ, ಸುಮಾರು 75 ಕಿ.ಮೀ. ದೂರ; ನಡುವೆ 88ರಲ್ಲಿ ಒಂದೂ ಇಲ್ಲ, ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ನಡೆಯುವವರಿಗೆ ಮೂರು ದಿನ, ಸೈಕಲ್ಲಿಗೆ ಒಂದು ಹಗಲು. ಕೂಕಾಯ್ 797ರಲ್ಲಿ ಬರೆದ ‘ಸಾಂಗೊ ಶೀಕಿ’ ಗ್ರಂಥದಲ್ಲಿ ತಾವು ಆವಾ ನಾಡಿನ (ಈಗಿನ ತೊಕುಶಿಮಾ) ತೈರ್ಯೂ ಶಿಖರದಲ್ಲೂ ತೊಸಾ ನಾಡಿನ (ಈಗಿನ ಕೋಚಿ) ಮುರೊತೊದಲ್ಲೂ ಸಾಧನೆ ಮಾಡಿದ್ದನ್ನು ಹೇಳಿಕೊಂಡಿದ್ದಾರೆ. ನಡುವಿನ ದಾರಿಯ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.